ಗಂಧಕ ಸೇವನೆ ಮತ್ತು ಕಾಯಸಿದ್ಧಿ : ಒಂದು ಐತಿಹಾಸಿಕ ವಿವೇಚನೆ

ರಸಶಾಸ್ತ್ರದ ಗ್ರಂಥಗಳಲ್ಲಿ ಗಂಧಕಕ್ಕೆ ‘ಬಲಿ’ ಎಂಬ ಹೆಸರೊಂದುಂಟು. ಪೂರ್ವದಲ್ಲಿ ದಾನವೇಂದ್ರನಾದ ಬಲಿಯು ಅಧಿಕವಾದ ಬಲವನ್ನು ಪಡೆಯುವ ಸಲುವಾಗಿ ಇದನ್ನು ಸೇವಿಸುತ್ತಿದ್ದನೆಂದೂ, ಆ ಕಾರಣದಿಂದ ಈ ದ್ರವ್ಯಕ್ಕೆ ಅವನ ಹೆಸರು ನಿಂತಿತೆಂದೂ 13ನೆಯ ಶತಮಾನದ ‘ರಸರತ್ನಸಮುಚ್ಚಯ’ದಲ್ಲಿ ವಾಗ್ಭಟನು ಹೇಳಿದ್ದಾನೆ. ಈ ವಾಗ್ಭಟನು ‘ಅಷ್ಟಾಂಗಹೃದಯ’ದ ಪ್ರಾಚೀನ ವಾಗ್ಭಟನಲ್ಲ, ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬನೆಂದೇ ತಿಳಿಯುವ ತಪ್ಪು ಆಗಾಗ ನಡೆಯುತ್ತದೆ. ಬಲಿಗೆ ರೋಗವಿದ್ದಿತೆಂದು ಗ್ರಂಥವು ಹೇಳುವುದಿಲ್ಲ. ಆರೋಗ್ಯವಂತನೊಬ್ಬನು ಇನ್ನಷ್ಟು ಬಲಿಷ್ಠನಾಗಲೆಂದು ಗಂಧಕವನ್ನು ತಿಂದನೆಂಬುದಷ್ಟೆ ಇಲ್ಲಿಯ ಪುರಾಣ.

ಇಂದು ಔಷಧದ ಅಂಗಡಿಗಳಲ್ಲಿ ಗಂಧಕಾಂಶವುಳ್ಳ ಪೂರಕ ಮಾತ್ರೆಗಳು ದೊರೆಯುತ್ತವೆ. ಕೀಲುಗಳಿಗೆ, ಚರ್ಮಕ್ಕೆ, ಕೂದಲಿಗೆ, ಒಟ್ಟಾರೆ ದೇಹಾರೋಗ್ಯಕ್ಕೆ ಅವು ಒಳ್ಳೆಯವೆಂದು ನಂಬಿ ರೋಗವಿಲ್ಲದವರೂ ಕೊಂಡು ನುಂಗುತ್ತಾರೆ. ಇದು ನಮ್ಮ ಪ್ರಾಚೀನ ಗಂಧಕ ರಸಾಯನವೇ ಹೊಸ ರೂಪದಲ್ಲಿ ಬಂದಿರುವುದೆಂದು ಹೇಳುವವರೂ ಉಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಗ್ರಂಥಾಧಾರದಿಂದ ಪರಿಶೀಲಿಸಬೇಕಾಗಿದೆ. ಶಿವಾಗಮಗಳ ನೆರಳಿನಲ್ಲಿ ಬೆಳೆದ ರಸವಿದ್ಯೆಯೂ, ಅದನ್ನು ಕಣ್ಣಾರೆ ಕಂಡು ವಿಮರ್ಶಿಸಿದ ಶರಣರ ವಾಙ್ಮಯವೂ ಈ ಪರಿಶೀಲನೆಯೊಳಗೆ ಬರುವುದರಿಂದ ವಚನಾಭ್ಯಾಸಿಗಳಿಗೂ ಇದು ಹೊರಗಿನ ವಿಷಯವಾಗಲಾರದು.

ಚರಕಸಂಹಿತೆಯ ಕಾಲಕ್ಕೆ ಗಂಧಕವು ಮುಖ್ಯ ಔಷಧವೇನೂ ಆಗಿರಲಿಲ್ಲ. ಅಲ್ಲಿ ಕುಷ್ಠ ಚಿಕಿತ್ಸೆಯ ಪ್ರಕರಣದಲ್ಲಿ ಅದು ಸುಳಿಯುತ್ತದೆ. ‘ಲೇಲೀತಕ’ವೆಂದು ಅಲ್ಲಿ ಹೇಳಿರುವ ದ್ರವ್ಯವು ಗಂಧಕವೇ ಎಂದು ಟೀಕಾಕಾರನಾದ ಚಕ್ರಪಾಣಿಯು ಅರ್ಥೈಸಿದ್ದಾನೆ. ಕುಷ್ಠವೆಂದರೆ ಆಯುರ್ವೇದದ ಪರಿಭಾಷೆಯಲ್ಲಿ ತೊನ್ನುರೋಗವೊಂದೇ ಅಲ್ಲ, ಗಜಕರ್ಣ, ತುರಿ, ಕಜ್ಜಿ ಮೊದಲಾದ ಚರ್ಮವ್ಯಾಧಿಗಳ ಸಮೂಹವೇ ಸರಿ. ಹಳ್ಳಿಗಳಲ್ಲಿ ಕಜ್ಜಿಗೆ ಗಂಧಕವನ್ನು ಎಣ್ಣೆಯಲ್ಲಿ ಅರೆದು ಹಚ್ಚುವ ರೂಢಿಗೂ ಈ ಪ್ರಾಚೀನ ಪ್ರಯೋಗಕ್ಕೂ ದೂರವಿಲ್ಲ. ಗಂಧಕವನ್ನು ಆ ಸ್ಥಾನದಿಂದ ಎತ್ತಿ ಪಾರದದ ಪಕ್ಕದಲ್ಲಿ ಕುಳ್ಳಿರಿಸಿದವರು ರಸಸಿದ್ಧರು.

ಭೈರವ ಮತ್ತು ದೇವಿಯರ ಸಂವಾದರೂಪದಲ್ಲಿರುವ ‘ರಸಾರ್ಣವ’ವು ಈ ವಿದ್ಯೆಯ ಪ್ರಮುಖ ಆಕರ. ಆಚಾರ್ಯ ಪ್ರಫುಲ್ಲಚಂದ್ರ ರಾಯರು ತಮ್ಮ ‘ಹಿಂದೂ ರಸಾಯನಶಾಸ್ತ್ರದ ಇತಿಹಾಸ’ದ ಮೊದಲ ಸಂಪುಟವನ್ನು 1902ರಲ್ಲಿಯೂ ಎರಡನೆಯದನ್ನು 1909ರಲ್ಲಿಯೂ ಪ್ರಕಟಿಸಿದ ಮೇಲೆ ಇಂಥ ಗ್ರಂಥಗಳ ಕಡೆಗೆ ವಿದ್ವಾಂಸರ ದೃಷ್ಟಿ ಹರಿಯಿತು. ರಸಾರ್ಣವದ ಪ್ರಕಾರ ಪಾರದವು ಶಿವನ ತೇಜಸ್ಸು. ಗಂಧಕವು ದೇವಿಯ ರಜಸ್ಸು. ಕ್ಷೀರಸಾಗರದ ತೀರದಲ್ಲಿ ವಿಹರಿಸುತ್ತಿದ್ದ ದೇವಿಯ ವಸ್ತ್ರವು ಕಡಲಿಗೆ ಸೇರಿ, ಸಮುದ್ರಮಥನ ಕಾಲದಲ್ಲಿ ಅಮೃತದೊಡನೆ ಗಂಧಕವಾಗಿ ಮೇಲೆದ್ದಿತು. ಅದರ ಗಂಧಕ್ಕೆ ಸುರಾಸುರರು ಮೆಚ್ಚಿ ಆ ಹೆಸರಿಟ್ಟರು. ಗಂಧಕದ ವಾಸನೆಗೆ ಮೆಚ್ಚುವುದು ದೇವತೆಗಳಿಗೆ ಮಾತ್ರ ಸಾಧ್ಯವೆಂದು ಓದುಗರು ನಕ್ಕರೆ ತಪ್ಪಿಲ್ಲ. ಕಥೆಯ ತಾತ್ಪರ್ಯವು ಬೇರೆ. ಚಂಚಲವಾದ ಪಾರದವು ಗಂಧಕದೊಡನೆ ಖಲ್ವದಲ್ಲಿ ಅರೆಯಲ್ಪಟ್ಟಾಗ ತನ್ನ ಚಾಂಚಲ್ಯವನ್ನು ಬಿಟ್ಟು ಕಪ್ಪಾದ ಕಜ್ಜಳಿಯಾಗುತ್ತದೆ. ಕಾಯಿಸಿದಾಗ ಕೆಂಪಾದ ರಸಸಿಂದೂರವಾಗುತ್ತದೆ. ಬರಿಗಣ್ಣಿಗೆ ಕಾಣುವ ಈ ಬಂಧನವನ್ನು ಸಿದ್ಧರು ಶಿವಶಕ್ತಿಯರ ಸಾಮರಸ್ಯವೆಂದು ಕಂಡರು.

ಕನ್ನಡ ನಾಡಿಗೂ ಈ ವಿದ್ಯೆಗೂ ಹಳೆಯ ನಂಟು. ರಾಷ್ಟ್ರಕೂಟರ ಕಾಲದ ಜೈನಮುನಿ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ರಸವಿಷಯಕ್ಕೆ ಒಂದು ಅಧಿಕಾರವೇ ಮೀಸಲಾಗಿದೆ. ಸಿದ್ಧ ನಾಗಾರ್ಜುನನನ್ನು ಐತಿಹ್ಯವು ಶ್ರೀಶೈಲಕ್ಕೆ ಜೋಡಿಸುತ್ತದೆ. 14ನೆಯ ಶತಮಾನದಲ್ಲಿ, ವಿಜಯನಗರದ ಪರಿಸರದಲ್ಲಿ ಹುಟ್ಟಿದ ಮಾಧವನ ‘ಸರ್ವದರ್ಶನಸಂಗ್ರಹ’ವು ನಕುಲೀಶ ಪಾಶುಪತ, ಶೈವ, ಪ್ರತ್ಯಭಿಜ್ಞಾ ದರ್ಶನಗಳನ್ನು ವಿವರಿಸಿದ ಮೇಲೆ ನಾಲ್ಕನೆಯ ಮಾಹೇಶ್ವರ ದರ್ಶನವಾಗಿ ‘ರಸೇಶ್ವರ ದರ್ಶನ’ವನ್ನು ನಿರೂಪಿಸುತ್ತದೆ. ಅದರ ವಾದವು ಸ್ಪಷ್ಟವಾದುದು. ದೇಹವು ಬಿದ್ದ ಮೇಲೆ ದೊರೆಯುವ ಮುಕ್ತಿಯನ್ನು ಕಂಡವರಾರು? ಜೀವನ್ಮುಕ್ತಿ ಬೇಕಾದರೆ ಜ್ಞಾನಾಭ್ಯಾಸಕ್ಕೆ ಕಾಲಾವಕಾಶ ಬೇಕು. ಕಾಲಾವಕಾಶ ಬೇಕಾದರೆ ಪಿಂಡವು ಸ್ಥಿರವಾಗಬೇಕು. ಪಿಂಡಸ್ಥೈರ್ಯಕ್ಕೆ ರಸವೇ ಸಾಧನ. ರಸಸಿದ್ಧನಿಗೆ ದೇಹದಾರ್ಢ್ಯವು ಗುರಿಯಲ್ಲ, ದಾರಿ ಎಂಬುದನ್ನು ಇಲ್ಲಿ ಗಮನಿಸಬೇಕು. ಲೋಹವನ್ನು ಚಿನ್ನ ಮಾಡುವ ಲೋಹಸಿದ್ಧಿಯಾದರೂ ದೇಹಸಿದ್ಧಿಗೆ ಮುಂಚಿನ ಒಂದು ಪರೀಕ್ಷೆ ಮಾತ್ರ.

ಇಷ್ಟು ಎತ್ತರಕ್ಕೇರಿಸಿದ ದ್ರವ್ಯವನ್ನು ಅದೇ ಗ್ರಂಥಕಾರರು ಎಷ್ಟು ಭಯದಿಂದ ಮುಟ್ಟಿದರೆಂಬುದೇ ಈ ಇತಿಹಾಸದ ಸಾರವತ್ತಾದ ಭಾಗ. ರಸರತ್ನಸಮುಚ್ಚಯದ ಮೂರನೆಯ ಅಧ್ಯಾಯದಲ್ಲಿ ಗಂಧಕವು ಎಂಟು ಉಪರಸಗಳಲ್ಲಿ ಮೊದಲನೆಯದಾಗಿ ಬರುತ್ತದೆ. ಗಿಳಿಯ ಕೊಕ್ಕಿನಂಥ ಕೆಂಪು, ಹಳದಿ, ಬಿಳಿ, ಕಪ್ಪು ಎಂದು ಬಣ್ಣದಿಂದ ಅದನ್ನು ವಿಂಗಡಿಸಿ, ಔಷಧಕ್ಕೆ ಹಳದಿಯ ಆಮಲಸಾರ ಗಂಧಕವನ್ನು ಗ್ರಹಿಸಬೇಕೆಂಬುದು ವೈದ್ಯರ ಪದ್ಧತಿ. ಹಾಗೆ ಆರಿಸಿದ ಗಂಧಕದಲ್ಲಿಯೂ ಎರಡು ದೋಷಗಳುಂಟು: ಒಂದು ಕಲ್ಲು, ಇನ್ನೊಂದು ವಿಷ. ಅಶುದ್ಧ ಗಂಧಕವು ತಾಪವನ್ನೂ ಭ್ರಮೆಯನ್ನೂ ಪಿತ್ತವಿಕಾರಗಳನ್ನೂ ಉಂಟುಮಾಡಿ, ರೂಪ, ಬಲ, ವೀರ್ಯಗಳನ್ನು ಕೆಡಿಸುತ್ತದೆಂದು ಶಾಸ್ತ್ರವು ಎಚ್ಚರಿಸುತ್ತದೆ. ಯಾವ ಕುಷ್ಠವನ್ನು ಗಂಧಕವು ಕಳೆಯಬೇಕೋ ಅದನ್ನೇ ಅಶುದ್ಧ ಗಂಧಕವು ತರುತ್ತದೆಂಬ ಮಾತೂ ಉಂಟು.

ಆದ್ದರಿಂದ ಶೋಧನ. ಹಾಲು ತುಂಬಿದ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿಯಬೇಕು. ಕಬ್ಬಿಣದ ಸೌಟಿನಲ್ಲಿ ಹಸುವಿನ ತುಪ್ಪವನ್ನು ಕಾಯಿಸಿ, ಗಂಧಕದ ಪುಡಿಯನ್ನು ಹಾಕಿ, ಮೆಲ್ಲನೆಯ ಉರಿಯಲ್ಲಿ ಕರಗಿಸಬೇಕು. ಕರಗಿದುದನ್ನು ಆ ಬಟ್ಟೆಯ ಮೇಲೆ ಸುರಿದರೆ ಕಲ್ಲುಮಣ್ಣು ಬಟ್ಟೆಯಲ್ಲಿ ನಿಲ್ಲುತ್ತದೆ. ಗಂಧಕವು ಹಾಲಿನೊಳಗೆ ಇಳಿದು ಗಟ್ಟಿಯಾಗುತ್ತದೆ. ವಿಷವು ಹೊಟ್ಟಿನಂತೆ ತುಪ್ಪದಲ್ಲಿ ಉಳಿಯುತ್ತದೆ. ಗಂಧಕವನ್ನು ತೆಗೆದು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಮತ್ತೆ ಹೊಸ ತುಪ್ಪ, ಹೊಸ ಹಾಲು. ಹೀಗೆ ಮೂರಾವರ್ತಿ ಮಾಡುವವರುಂಟು, ಏಳಾವರ್ತಿ ಮಾಡುವವರೂ ಉಂಟು. ಪಾತ್ರೆಯನ್ನು ನೆಲದಲ್ಲಿ ಹೂಳಿ, ಬಟ್ಟೆಯ ಮೇಲೆ ಗಂಧಕವಿರಿಸಿ, ಮುಚ್ಚಳದ ಮೇಲೆ ಬೆಂಕಿಯಿಟ್ಟು ಕರಗಿಸುವ ಇನ್ನೊಂದು ವಿಧಾನವೂ ಹೇಳಲ್ಪಟ್ಟಿದೆ. ಗಂಧಕವು ಸುಮಾರು 115 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಕರಗುವ ವಸ್ತುವಾದುದರಿಂದ ತುಪ್ಪದ ಬಿಸಿಯೇ ಅದಕ್ಕೆ ಸಾಕು. ಉರಿ ಹೆಚ್ಚಾದರೆ ಹೊತ್ತಿಕೊಳ್ಳುತ್ತದೆ. ಗಣಿಯ ಗಂಧಕದಲ್ಲಿ ಕೆಲವೊಮ್ಮೆ ಪಾಷಾಣದ ಅಂಶ ಬೆರೆತಿರುವುದನ್ನು ಆಧುನಿಕ ರಸಾಯನವಿಜ್ಞಾನವೂ ಬಲ್ಲುದಾದ ಕಾರಣ ಶಾಸ್ತ್ರಕಾರರ ‘ವಿಷ’ದ ಮಾತನ್ನು ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ.

ಶುದ್ಧವಾದ ಮೇಲಾದರೂ ತಿನ್ನಬಹುದೆ? ಆಗಲೂ ನಿಯಮಗಳುಂಟು. ‘ಗಂಧಕ ರಸಾಯನ’ವೆಂಬ ಪ್ರಸಿದ್ಧ ಯೋಗದಲ್ಲಿ ಶುದ್ಧ ಗಂಧಕಕ್ಕೆ ಹಸುವಿನ ಹಾಲು, ದಾಲ್ಚಿನ್ನಿ ಏಲಕ್ಕಿ ಮೊದಲಾದ ಚಾತುರ್ಜಾತ, ಅಮೃತಬಳ್ಳಿ, ಅಳಲೆ, ತಾರೆ, ನೆಲ್ಲಿ, ಶುಂಠಿ, ಭೃಂಗರಾಜ, ಹಸಿಶುಂಠಿ ಇವುಗಳ ಕಷಾಯ ಅಥವಾ ರಸದಿಂದ ಒಂದೊಂದಕ್ಕೂ ಎಂಟೆಂಟು ಭಾವನೆಗಳನ್ನು ಕೊಡಬೇಕು. ಭಾವನೆಯೆಂದರೆ ರಸವು ಇಂಗುವವರೆಗೆ ಅರೆದು ಒಣಗಿಸುವುದು. ವಾರಗಟ್ಟಲೆ ನಡೆಯುವ ಈ ಕೆಲಸದ ಕೊನೆಗೆ ಸಮತೂಕದ ಸಕ್ಕರೆ ಸೇರುತ್ತದೆ. ಇನ್ನು ಪಥ್ಯ: ಗಂಧಕವನ್ನು ಸೇವಿಸುವವನು ಕ್ಷಾರ, ಹುಳಿ, ಎಣ್ಣೆ, ಕಾಂಜಿ, ಉರಿಯನ್ನುಂಟುಮಾಡುವ ಪದಾರ್ಥ, ದ್ವಿದಳ ಧಾನ್ಯ ಇವುಗಳನ್ನು ಬಿಡತಕ್ಕುದೆಂದು ವಾಗ್ಭಟನ ವಿಧಿ. ಬೇಳೆಯ ಸಾರು, ಹುಣಿಸೆಯ ಹುಳಿ, ಒಗ್ಗರಣೆಯ ಎಣ್ಣೆ ಇವು ಮೂರೂ ಹೋದ ಮೇಲೆ ನಮ್ಮ ಎಲೆಯಲ್ಲಿ ಉಳಿಯುವುದೆಷ್ಟೆಂದು ಎಣಿಸಿದರೆ, ಗಂಧಕವನ್ನು ನಿತ್ಯದ ಅನ್ನಪಾನದ ಜೊತೆಗೆ ಎಲ್ಲರೂ ಎಲ್ಲ ದಿನವೂ ತಿನ್ನಲೆಂದು ಈ ಶಾಸ್ತ್ರವು ವಿಧಿಸಲಿಲ್ಲವೆಂಬುದು ತಾನೇ ತಿಳಿಯುತ್ತದೆ. ಬಲಿಯ ಕಥೆಯನ್ನು ಹೇಳಿದ ಗ್ರಂಥವೇ ಈ ಕಟ್ಟುಗಳನ್ನೂ ಹೇಳಿದೆ. ಕಥೆ ನೆನಪಿನಲ್ಲಿ ಉಳಿಯಿತು, ಕಟ್ಟುಗಳು ಮರೆತುಹೋದವು.

ವೀರಶೈವ ವೈದ್ಯಪರಂಪರೆಯೂ ಈ ವಿದ್ಯೆಯನ್ನು ದೂರವಿರಿಸಲಿಲ್ಲ. ಆಂಧ್ರ ಪ್ರಾಂತದ ವೀರಶೈವ ವೈದ್ಯನಾದ ಬಸವರಾಜನು ರಚಿಸಿದ, ಸಂಸ್ಕೃತ ಶ್ಲೋಕಗಳಿಗೆ ತೆಲುಗು ತಾತ್ಪರ್ಯವನ್ನೊಳಗೊಂಡ ‘ಬಸವರಾಜೀಯ’ವು 25 ಪ್ರಕರಣಗಳ ದೊಡ್ಡ ಗ್ರಂಥ. ಒಂದೊಂದು ವ್ಯಾಧಿಯ ನಿದಾನವನ್ನು ಹೇಳಿ ಅದಕ್ಕೆ ತಕ್ಕ ರಸೌಷಧಗಳನ್ನು ಅಲ್ಲಿ ವಿಧಿಸಲಾಗಿದೆ. ಭಾರತ ಸರ್ಕಾರದ 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಆಯುರ್ವೇದದ ಪ್ರಮಾಣಗ್ರಂಥಗಳ ಪಟ್ಟಿಯಲ್ಲಿ ಇದೂ ಸೇರಿದೆ. ಬಸವರಾಜನ ದೃಷ್ಟಿಯು ವೈದ್ಯನ ದೃಷ್ಟಿ. ಅವನಿಗೆ ಬೇಕಾದುದು ವಜ್ರದೇಹವಲ್ಲ, ಮುಂದೆ ಕುಳಿತ ರೋಗಿಯ ಜ್ವರ ಇಳಿಯಬೇಕು.

ವಜ್ರದೇಹದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಅವನಿಗೂ ಹಿಂದಿನ ಶರಣರು. ವಚನಗಳಲ್ಲಿ ಪರುಷ, ಸಿದ್ಧರಸ, ರಸವಾದಿ ಎಂಬ ಮಾತುಗಳು ಮೇಲಿಂದ ಮೇಲೆ ಬರುತ್ತವೆ. 12ನೆಯ ಶತಮಾನದ ಕನ್ನಡ ನಾಡಿನಲ್ಲಿ ರಸವಾದಿಗಳು ಕಣ್ಣಿಗೆ ಬೀಳುವಷ್ಟು ಸಂಖ್ಯೆಯಲ್ಲಿದ್ದಿರಬೇಕು. ಇಲ್ಲದಿದ್ದರೆ ಈ ಉಪಮೆಗಳು ಕೇಳುವವರಿಗೆ ಅರ್ಥವಾಗುತ್ತಿರಲಿಲ್ಲ. ವೈದ್ಯ ಸಂಗಣ್ಣನೆಂಬ ಶರಣನು ತನ್ನ ವೃತ್ತಿಯ ಪರಿಭಾಷೆಯನ್ನೇ ಅನುಭಾವದ ನುಡಿಗೆ ಬಳಸಿಕೊಂಡನು. ಅಲ್ಲಮಪ್ರಭುವಾದರೋ ರಸವಾದವನ್ನೂ ಕಲ್ಪಯೋಗವನ್ನೂ ಹೆಸರಿಸಿಯೇ ವಿಚಾರಣೆಗೆ ಕರೆದಿದ್ದಾನೆ. ಅವನ ವಿಮರ್ಶೆಯ ರೀತಿಯನ್ನು ವಿದ್ಯಾರ್ಥಿಗಳು ಸೂಕ್ಷ್ಮವಾಗಿ ನೋಡಬೇಕು. ರಸವಾದದಿಂದ ಲೋಹವು ಸಿದ್ಧಿಸದೆಂದಾಗಲಿ, ಕಲ್ಪಯೋಗದಿಂದ ಕಾಯವು ಗಟ್ಟಿಯಾಗದೆಂದಾಗಲಿ ಅವನು ವಾದಿಸುವುದಿಲ್ಲ; ಅವೆಲ್ಲ ಆದವೆಂದೇ ಒಪ್ಪಿಕೊಂಡು, ಆತ್ಮದ ವಿಷಯದಲ್ಲಿ ಆದುದೇನೆಂದು ಕೇಳುತ್ತಾನೆ. ರಸೇಶ್ವರ ದರ್ಶನವು ದಾರಿಯೆಂದು ತೋರಿಸಿದ್ದನ್ನು ಜನರು ಊರೆಂದು ತಿಳಿದು ಅಲ್ಲಿಯೇ ಮನೆ ಕಟ್ಟಿಕೊಂಡಿದ್ದರು ಎಂಬುದು ಅವನ ಪ್ರಶ್ನೆಯ ಹಿಂದಿನ ಸಂಗತಿ.

ಇದೇ ವಿಚಾರವು ಕಥೆಯಾಗಿ ಮೈದಾಳಿದುದು ಗೋರಕ್ಷನ ಪ್ರಸಂಗದಲ್ಲಿ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಗೂಳೂರ ಸಿದ್ಧವೀರಣ್ಣೊಡೆಯನ ‘ಶೂನ್ಯಸಂಪಾದನೆ’ಯಲ್ಲಿಯೂ ಅದನ್ನು ಕಾಣಬಹುದು. ಕಾಯಸಿದ್ಧಿಯನ್ನು ಪಡೆದ ಗೋರಕ್ಷನು ತನ್ನ ವಜ್ರದೇಹವನ್ನು ಪರೀಕ್ಷಿಸೆಂದು ಪ್ರಭುವಿನ ಮುಂದೆ ನಿಲ್ಲುತ್ತಾನೆ. ಪ್ರಭು ಕತ್ತಿಯಿಂದ ಹೊಡೆದಾಗ ಗೋರಕ್ಷನ ಮೈ ಲೋಹದಂತೆ ಖಣಿಲೆಂದು ದನಿಗೊಡುತ್ತದೆ, ಕೂದಲೂ ಕೊಂಕುವುದಿಲ್ಲ. ಬಳಿಕ ಗೋರಕ್ಷನು ಬೀಸಿದ ಕತ್ತಿಯು ಪ್ರಭುವಿನ ದೇಹದಲ್ಲಿ ಬಯಲಲ್ಲಿ ಹಾಯ್ದಂತೆ ಹಾಯ್ದುಹೋಗುತ್ತದೆ. ದನಿಗೊಟ್ಟುದೇ ಗೋರಕ್ಷನ ಸೋಲು. ಈ ಭೇಟಿಯು ಚರಿತ್ರೆಯಲ್ಲಿ ನಡೆಯಿತೋ ಇಲ್ಲವೋ ಎಂಬ ಕಾಲನಿರ್ಣಯದ ಚರ್ಚೆಗೆ ಇಲ್ಲಿ ತೊಡಗಬೇಕಾಗಿಲ್ಲ. ಸಿದ್ಧಪಂಥದ ದೇಹದಾರ್ಢ್ಯವನ್ನು ಶರಣಪಂಥವು ಹೇಗೆ ಅಳೆಯಿತೆಂಬುದಕ್ಕೆ 15ನೆಯ ಶತಮಾನದ ಕವಿಯೊಬ್ಬನ ಸಾಕ್ಷ್ಯ ಇದರಲ್ಲಿದೆ, ಅಷ್ಟು ಸಾಕು.

ಆರೋಗ್ಯವಂತರಿಗೆ ಗಂಧಕ ತಿನ್ನಿಸುವ ರೂಢಿ ಭಾರತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ವಸಂತಕಾಲ ಬಂದಿತೆಂದರೆ ರಕ್ತಶುದ್ಧಿಗೆಂದು ಮಕ್ಕಳಿಗೆ ಕಾಕಂಬಿಯಲ್ಲಿ ಕಲಸಿದ ಗಂಧಕವನ್ನು ಕೊಡುತ್ತಿದ್ದರು. ಚಾರ್ಲ್ಸ್ ಡಿಕನ್ಸನು 1838-39ರಲ್ಲಿ ಬರೆದ ‘ನಿಕೋಲಸ್ ನಿಕಲ್ಬಿ’ ಕಾದಂಬರಿಯಲ್ಲಿ ಡೋದಬಾಯ್ಸ್ ಹಾಲ್ ಎಂಬ ವಸತಿಶಾಲೆಯೊಂದು ಬರುತ್ತದೆ. ಶಾಲೆಯ ಒಡತಿಯು ಬಡ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಂದೇ ಮರದ ಚಮಚದಿಂದ ಎಲ್ಲರ ಬಾಯಿಗೂ ಅದನ್ನು ತುರುಕುತ್ತಾಳೆ. ಆರೋಗ್ಯಕ್ಕೆಂಬುದು ಹೊರಗಿನ ಮಾತು. ಹಸಿವು ಕೆಟ್ಟರೆ ಬೆಳಗಿನ ಊಟದ ಖರ್ಚು ಉಳಿಯುತ್ತದೆಂಬುದು ಒಳಗಿನ ಲೆಕ್ಕ. ಕಾದಂಬರಿಕಾರನ ಈ ವ್ಯಂಗ್ಯವು ಒಂದು ಸತ್ಯವನ್ನು ಮುಟ್ಟಿದೆ: ಗಂಧಕದ ಪುಡಿಯು ಮಾಡುತ್ತಿದ್ದುದು ಮುಖ್ಯವಾಗಿ ಭೇದಿ. ಕರುಳಿನ ಸೂಕ್ಷ್ಮಜೀವಿಗಳು ಅದರ ಒಂದು ಪಾಲನ್ನು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿಸುತ್ತವೆ. ಕರುಳು ಕೆರಳಿ ಹೊರಗೆ ತಳ್ಳುತ್ತದೆ. ಹೊಟ್ಟೆ ಖಾಲಿಯಾದುದನ್ನೇ ರಕ್ತ ಶುದ್ಧಿಯಾದುದೆಂದು ತಾಯಂದಿರು ನಂಬಿದರು. ಹೆಚ್ಚಿನ ಪ್ರಮಾಣದಲ್ಲಿ ತಿಂದಾಗ ದೇಹದಲ್ಲಿ ಆಮ್ಲವೇರಿ ಅಪಾಯವಾದ ಪ್ರಸಂಗವು 1977ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಯಿತು.

ಹಾಗಾದರೆ ದೇಹಕ್ಕೆ ಗಂಧಕವೇ ಬೇಡವೆ? ಬೇಕು, ಅನಿವಾರ್ಯವಾಗಿ ಬೇಕು. ಪ್ರೌಢ ಮನುಷ್ಯನ ದೇಹದಲ್ಲಿ ಸುಮಾರು 140 ಗ್ರಾಂ ಗಂಧಕವಿದೆ. ಆದರೆ ಅದು ಹಳದಿಯ ಪುಡಿಯಾಗಿಲ್ಲ. 1810ರಲ್ಲಿ ವೊಲಾಸ್ಟನ್ ಎಂಬ ಆಂಗ್ಲ ವಿಜ್ಞಾನಿಯು ಮೂತ್ರಕೋಶದ ಕಲ್ಲೊಂದರಲ್ಲಿ ಸಿಸ್ಟೀನ್ ಎಂಬ ದ್ರವ್ಯವನ್ನು ಕಂಡುಹಿಡಿದನು. ಅದರಲ್ಲಿ ಗಂಧಕವಿದೆಯೆಂಬುದು ಆಮೇಲೆ ತಿಳಿಯಿತು. 1920ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯೂಲರನು ಹಾಲಿನ ಕೇಸೀನಿನಿಂದ ಮಿಥಿಯೋನೀನ್ ಎಂಬ ಅಮೈನೋ ಆಮ್ಲವನ್ನು ಬೇರ್ಪಡಿಸಿದನು. ಇದು ಆಹಾರದಿಂದಲೇ ಬರಬೇಕಾದ ಅವಶ್ಯ ದ್ರವ್ಯವೆಂದು ಮುಂದಿನ ದಶಕಗಳಲ್ಲಿ ವಿಲಿಯಂ ರೋಸ್ ಮೊದಲಾದವರ ಪ್ರಯೋಗಗಳಿಂದ ಖಚಿತವಾಯಿತು. ಜೀವದೇಹದ ಗಂಧಕ ಸಂಯುಕ್ತಗಳ ಸಂಶೋಧನೆಗಾಗಿಯೇ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಮನುಷ್ಯ ದೇಹವು ಗಂಧಕವನ್ನು ಬಹುಪಾಲು ಈ ಅಮೈನೋ ಆಮ್ಲಗಳ ಮೂಲಕವೇ ಪಡೆಯುತ್ತದೆ. ಧಾತುರೂಪದ ಪುಡಿಯಿಂದ ಮಿಥಿಯೋನೀನನ್ನು ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇವುಗಳ ಅಗತ್ಯವೆಷ್ಟು? ವಿಶ್ವ ಆರೋಗ್ಯ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ಸೇರಿ 2007ರಲ್ಲಿ ಪ್ರಕಟಿಸಿದ ವರದಿಯು ದೇಹತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 15 ಮಿಲಿಗ್ರಾಂ ಗಂಧಕಯುಕ್ತ ಅಮೈನೋ ಆಮ್ಲಗಳು ಸಾಕೆನ್ನುತ್ತದೆ. 60 ಕಿಲೋ ತೂಗುವವನಿಗೆ ಅದು 900 ಮಿಲಿಗ್ರಾಂ, ಒಂದು ಗ್ರಾಮಿಗೂ ಕಡಮೆ. ಬೇಳೆಕಾಳುಗಳಲ್ಲಿ ಮಿಥಿಯೋನೀನ್ ಕಡಮೆ, ಆದರೆ ಲೈಸೀನ್ ಹೆಚ್ಚು; ಧಾನ್ಯಗಳಲ್ಲಿ ಇದರ ವಿಪರ್ಯಯ. ಧಾನ್ಯಗಳೊಳಗೂ ರಾಗಿಯು ಮಿಥಿಯೋನೀನಿನ ವಿಷಯದಲ್ಲಿ ಮೇಲುಗೈ. ರಾಗಿಮುದ್ದೆಗೆ ಹುರುಳಿಯ ಸಾರು, ಅನ್ನಕ್ಕೆ ತೊವ್ವೆ, ಕೊನೆಗೆ ಮಜ್ಜಿಗೆ, ನಡುವೆ ಎಳ್ಳಿನ ಚಟ್ನಿ ಎಂಬ ಪಂಕ್ತಿಯಲ್ಲಿ ಈ ಒಂದು ಗ್ರಾಂ ಅಡಗಿಯೇ ಇದೆ. ಈ ಪಂಕ್ತಿ ದೊರೆಯದವನಿಗೆ ಕೊರತೆಯಾಗುವುದು ಗಂಧಕವೊಂದರದೇ ಅಲ್ಲ, ಅನ್ನದ್ದೇ. ಅದನ್ನು ಮಾತ್ರೆಯು ತುಂಬಲಾರದು.

ಈಗಿನ ಪೂರಕ ಮಾತ್ರೆಗಳ ಕಥೆ ರಸಶಾಲೆಯಿಂದ ಹೊರಟುದಲ್ಲ, ಕಾಗದದ ಕಾರ್ಖಾನೆಯಿಂದ. ಮರದ ತಿರುಳಿನ ಉಪೋತ್ಪನ್ನದಿಂದ ದೊರೆಯುವ ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕಕ್ಕೆ ಔಷಧಗುಣವಿದೆಯೆಂದು ಅಮೆರಿಕದ ಆರೆಗನ್ ಪ್ರಾಂತದ ಶಸ್ತ್ರವೈದ್ಯ ಸ್ಟ್ಯಾನ್ಲಿ ಜೇಕಬ್ 1960ರ ದಶಕದಲ್ಲಿ ಸಾರಿದರು. ಪ್ರಾಣಿಗಳ ಕಣ್ಣಿನ ಮಸೂರದಲ್ಲಿ ವ್ಯತ್ಯಾಸ ಕಂಡುಬಂದುದರಿಂದ 1965ರಲ್ಲಿ ಮನುಷ್ಯರ ಮೇಲಿನ ಪ್ರಯೋಗಗಳನ್ನು ಅಲ್ಲಿಯ ಸರ್ಕಾರ ತಡೆಯಿತು. 1978ರಲ್ಲಿ ಮೂತ್ರಕೋಶದ ಒಂದು ಬಗೆಯ ಉರಿಯೂತಕ್ಕೆ ಮಾತ್ರ ಅನುಮತಿ ದೊರೆಯಿತು. ಆ ದ್ರಾವಕಕ್ಕೆ ಹತ್ತಿರದ ಸಂಬಂಧಿಯಾದ ಮಿಥೈಲ್ ಸಲ್ಫೊನಿಲ್ ಮೀಥೇನ್ ಎಂಬ ಬಿಳಿಯ ಹರಳು ಔಷಧವಾಗದೆ ಆಹಾರಪೂರಕವಾಗಿ ಮಾರುಕಟ್ಟೆಗೆ ಬಂದಿತು. 1999ರಲ್ಲಿ ಜೇಕಬ್ ಮತ್ತು ಸಂಗಡಿಗರ ಪುಸ್ತಕವೊಂದು ಅದನ್ನು ಪವಾಡವೆಂದೇ ಕರೆಯಿತು. ಎಂ.ಎಸ್.ಎಂ. ಎಂಬ ಮೂರಕ್ಷರಗಳಲ್ಲಿ ಮೊಣಕಾಲ ನೋವಿನ ಮಾತ್ರೆಗಳ ಪೆಟ್ಟಿಗೆಯ ಮೇಲೆ ಈಗ ಕಾಣುವುದು ಇದೇ. ಸೋಂಕುರೋಗಗಳಿಗೆ ವೈದ್ಯರು ಕೊಡುವ ಸಲ್ಫಾ ಮದ್ದುಗಳು ಬೇರೆಯೇ ಒಂದು ವರ್ಗ. ಹೆಸರನ್ನು ಕೇಳಿ ಎರಡನ್ನೂ ಬೆರಸಬಾರದು.

ಮಾತ್ರೆಯಿಂದ ಏನೂ ಆಗುವುದಿಲ್ಲವೆಂದು ಹೇಳುವುದೂ ನ್ಯಾಯವಲ್ಲ. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮೊಣಕಾಲ ಸಂಧಿವಾತವಿದ್ದ 50 ಮಂದಿಯಲ್ಲಿ ಒಂದು ಪಂಗಡಕ್ಕೆ ದಿನಕ್ಕೆರಡು ಬಾರಿ 3 ಗ್ರಾಂ ಎಂ.ಎಸ್.ಎಂ. ಅನ್ನೂ ಇನ್ನೊಂದಕ್ಕೆ ಹುಸಿಮದ್ದನ್ನೂ 12 ವಾರ ಕೊಡಲಾಯಿತು. ಮದ್ದು ತಿಂದವರಲ್ಲಿ ನೋವು ಕೊಂಚ ಇಳಿದು ಓಡಾಟ ಸುಧಾರಿಸಿತು. ಪ್ರಯೋಗಕ್ಕೆ ಬಂದವರು ರೋಗಿಗಳು, ಅಳೆದುದು ಮೊಣಕಾಲನ್ನು, ಅವಧಿ ಮೂರು ತಿಂಗಳಿಗೂ ಕಡಮೆ. ಆರೋಗ್ಯವಂತನು ವರ್ಷಗಟ್ಟಲೆ ತಿಂದರೆ ಇನ್ನಷ್ಟು ಆರೋಗ್ಯವಂತನಾಗುತ್ತಾನೆಂಬುದಕ್ಕೆ ಇದರಲ್ಲಿ ಆಧಾರವಿಲ್ಲ. ಆ ಮಾತಿಗೆ ಇರುವ ಆಧಾರ ಬಲಿಚಕ್ರವರ್ತಿಯದು.

ಹೊಸ ಮಾತ್ರೆಯು ಗಂಧಕ ರಸಾಯನದ ವಂಶಜವೆಂಬ ಮಾತನ್ನು ಆದುದರಿಂದ ಒಪ್ಪಲಾಗದು. ದ್ರವ್ಯ ಬೇರೆ, ಹುಟ್ಟು ಬೇರೆ. ಕೊಡುವ ಕ್ರಮವಂತೂ ತೀರ ಬೇರೆ. ಆಯುರ್ವೇದದ ಆಸ್ಪತ್ರೆಗಳಲ್ಲಿ ಗಂಧಕ ರಸಾಯನವನ್ನು ಇಂದಿಗೂ ಚರ್ಮರೋಗಗಳಿಗೆ ಕೊಡುತ್ತಾರೆ. ಬಲ್ಲ ವೈದ್ಯನು ನಾಡಿಯನ್ನೂ ನಾಲಗೆಯನ್ನೂ ನೋಡಿ, ಪಿತ್ತಪ್ರಕೃತಿಯವನಾದರೆ ಹಿಂಜರಿದು, ತೂಕ ಮಾಡಿ ಪೊಟ್ಟಣ ಕಟ್ಟಿ, ಹಾಲಿನಲ್ಲಿ ಕೊಡಬೇಕೋ ಬೇರೆ ಅನುಪಾನದಲ್ಲೋ ಎಂದು ಹೇಳಿ, ಹುಳಿಯನ್ನು ಬಿಡಿಸುತ್ತಾನೆ. ತುರಿಕೆ ನಿಂತ ಮೇಲೆ ಮತ್ತೆ ಬಂದು ತೋರಿಸಬೇಕೆಂದೂ ಅಲ್ಲಿಗೆ ಮದ್ದನ್ನು ನಿಲ್ಲಿಸಬೇಕೆಂದೂ ಮೊದಲ ದಿನವೇ ತಿಳಿಸಿರುತ್ತಾನೆ.